ಹನ್ನೊಂದು ಅಡುಗೆಮನೆಗಳ ಸುಣ್ಣದ ಗೆರೆ

ಹಾರೆಯಕ್ಕ ಹಾರೆಯನ್ನು ಮೊಣಕಾಲೆತ್ತರಕ್ಕೆ ಎತ್ತಿ ಕೈಬಿಟ್ಟಳು. ನೆಲ ಠಣ್ ಎಂದಿತು. ಒಂದು ಗೇಣು ಎಡಕ್ಕೆ ಸರಿದು ಮತ್ತೆ ಬಿಟ್ಟಳು. ಠಣ್. ಇನ್ನೊಂದು ಗೇಣು. ಈ ಸಲ ಸದ್ದು ನೆಲದ ಮೇಲಿಂದಲ್ಲ, ಅದರ ಹೊಟ್ಟೆಯೊಳಗಿಂದ ಬಂತು. ಧುಂ.

“ಇಲ್ಲಿ,” ಎಂದಳು.

“ಇಲ್ಲಿ ಅಂದ್ರೆ ಎಲ್ಲೇ? ನನ್ನ ತಲೆ ಮೇಲಾ? ನೆಟ್ಟಗೆ ಬೊಗಳು,” ಎಂದ ಇಲಾಖೆಯ ಮೇಸ್ತ್ರಿ. ಅವನು ಹೊಸ್ತಿಲಾಚೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ.

“ಬೊಗಳೋದು ನಿಮ್ಮನೇಲಿ ಇಟ್ಕೊಳ್ಳಯ್ಯ,” ಎಂದಳು ಇಸ್ತ್ರಿಯವಳು. ಅದು ಅವಳದೇ ಅಡುಗೆಮನೆ. ಸ್ಟೌವನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. “ನನ್ನ ಒಲೆ ಎತ್ತಿಸಿದ್ದೀಯ, ಪಾತ್ರೆ ಎತ್ತಿಸಿದ್ದೀಯ. ಇನ್ನೇನು, ನನ್ನನ್ನೂ ಎತ್ತುತೀಯಾ?”

“ನಿನ್ನ ಎತ್ತೋಕೆ ಜೆಸಿಬಿ ಬೇಕು ಬಿಡು.”

ಓಣಿಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಇಸ್ತ್ರಿಯವಳೂ ನಕ್ಕಳು. ಹಾರೆಯಕ್ಕ ಮಾತ್ರ ನಗದೆ, ಸುಣ್ಣದ ಉಂಡೆಯಿಂದ ಧುಂ ಎಂದ ಜಾಗಕ್ಕೆ ಗೆರೆ ಎಳೆದಳು. ಆಮೇಲೆ ಅತ್ತ ಬದಿಗೆ ಸರಿದು, ಸದ್ದು ಮತ್ತೆ ಠಣ್ ಎನ್ನುವ ತನಕ ಬಡಿದು ಇನ್ನೊಂದು ಗೆರೆ ಎಳೆದಳು. ನಡುವೆ ಐದು ಗೇಣು. ಈ ಎರಡು ಗೆರೆಗಳ ನಡುವೆ, ಇಸ್ತ್ರಿಯವಳ ಒಲೆಯ ಕೆಳಗೆ, ಅವರ್ಯಾರೂ ಹುಟ್ಟುವ ಮೊದಲು ಕಟ್ಟಿದ ಕಲ್ಲುಚರಂಡಿ ಹರಿಯುತ್ತಿತ್ತು.

ಮಳೆ ಬಂದಾಗಲೆಲ್ಲ ಆ ಚರಂಡಿ ತಾನು ಇನ್ನೂ ಬದುಕಿದ್ದೇನೆಂದು ತೋರಿಸುತ್ತಿತ್ತು. ದಿಬ್ಬದ ಮೇಲಿನ ದೊಡ್ಡ ಮನೆಗಳ ಹೊಲಸೆಲ್ಲ ಬಂದು ಇವರ ಬಚ್ಚಲಿನ ತೂತಿನಲ್ಲಿ ಉಕ್ಕುತ್ತಿತ್ತು. ಮಂಚದ ಮೇಲೆ ಮಕ್ಕಳು, ಮಕ್ಕಳ ಮೇಲೆ ಪಾತ್ರೆ, ಪಾತ್ರೆಯ ಮೇಲೆ ಬಟ್ಟೆಯ ಗಂಟು. ಹತ್ತು ವರ್ಷ ಅರ್ಜಿ ಕೊಟ್ಟು ಕೊಟ್ಟು ಸೋತ ಮೇಲೆ ನಗರ ಕಾಮಗಾರಿ ಇಲಾಖೆಯವರು ಒಂದು ದಿನ ತಾವೇ ಬಂದರು. ‘ನಮ್ಮ ಓಣಿ, ನಮ್ಮ ಹೊಣೆ’ ಎಂದು ಬಟ್ಟೆಯ ಮೇಲೆ ಬರೆಸಿ ಕಂಬದಿಂದ ಕಂಬಕ್ಕೆ ಕಟ್ಟಿದರು. ಪ್ರತಿ ಶನಿವಾರ ಬೆಳಗ್ಗೆ ನಿವಾಸಿಗಳೂ ಇಲಾಖೆಯೂ ಕೂಡಿ ಕೆಲಸ ಮಾಡುವುದು. ಇಲಾಖೆಯ ಪಾಲು ಒಂದು ಟ್ರ್ಯಾಕ್ಟರು, ಆರು ಪೊರಕೆ, ಮೂರು ಜೊತೆ ಕೈಗವಸು. ಮಿಕ್ಕ ಕೈಗಳೆಲ್ಲ ಓಣಿಯವು.

ಹೂಳೆತ್ತಿದರು, ಕಸ ಹೊತ್ತರು, ಗೋಡೆಗೆ ಬಣ್ಣ ಬಳಿದರು. ನಾಲ್ಕನೆಯ ಶನಿವಾರ ಇಂಜಿನಿಯರು ಬಂದು, ಚರಂಡಿ ಎಲ್ಲೆಲ್ಲಿ ಹೋಗುತ್ತದೆಂದು ತಿಳಿದರೆ ಹೊಸ ಪೈಪು ಹಾಕಿಸಬಹುದು ಎಂದ. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. “ಹಳೇ ನಕ್ಷೆಗೆ ಗೆದ್ದಲು ಹಿಡಿದು ಮಣ್ಣಾಗಿದೆ. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?”

ಎಲ್ಲರೂ ಹಾರೆಯಕ್ಕನ ಮುಖ ನೋಡಿದರು.

ಅವಳು ಕುಂಬಾರರ ಮನೆಯಲ್ಲಿ ಹುಟ್ಟಿದವಳು. ಆವಿಗೆಯಿಂದ ತೆಗೆದ ಗಡಿಗೆಗಳನ್ನು ಗೆಣ್ಣಿನಿಂದ ತಟ್ಟಿ, ಗಟ್ಟಿಯಾದದ್ದು ಒಂದು ಕಡೆ, ಕಣ್ಣಿಗೆ ಕಾಣದ ಬಿರುಕಿನದು ಇನ್ನೊಂದು ಕಡೆ ಇಡುವುದು ಏಳನೆಯ ವಯಸ್ಸಿನಿಂದ ಅವಳ ಕೆಲಸ. ಅಪ್ಪ ಅವಳನ್ನು ಶಾಲೆಗೆ ಕಳಿಸಲಿಲ್ಲ. ಆದರೆ ಕೊಳ್ಳಲು ಬಂದವರ ಮುಂದೆ, “ನನ್ನ ಮಗಳು ತಟ್ಟಿ ಕೊಟ್ಟಿದ್ದು, ಒಡೆದಿದ್ರೆ ವಾಪಸ್ ತನ್ನಿ,” ಎನ್ನುತ್ತಿದ್ದ. ಅವಳ ಬದುಕಿನಲ್ಲಿ ಯಾರಾದರೂ ಅವಳನ್ನು ಹೊಗಳಿದ್ದರೆ ಅದಿಷ್ಟೇ. ಮದುವೆಯಾಗಿ ಈ ಓಣಿಗೆ ಬಂದ ಹೊಸತರಲ್ಲಿ, ಅತ್ತೆ ಅರೆಯಲು ಕೂರಿಸಿದಾಗ, ಕಲ್ಲಿನ ಕೆಳಗಿನ ನೆಲ ಪೊಳ್ಳೆಂದು ಅವಳಿಗೆ ಕೇಳಿಸಿತ್ತು. ಗಂಡ ನಕ್ಕಿದ್ದ. ಅವನು ತೀರಿಹೋಗಿ ಎಂಟು ವರ್ಷವಾಯಿತು. ಗೋಣಿಚೀಲಕ್ಕೆ ತೇಪೆ ಹಾಕಿ ಮಗಳನ್ನು ಸಾಕಿದಳು. ಯಾರ ಮನೆಯಲ್ಲಿ ಚರಂಡಿ ಕಟ್ಟಿಕೊಂಡರೂ ಹಾರೆ ಹಿಡಿದು ಹೋಗಿ, ಬಡಿದು ಕೇಳಿ, ಇಲ್ಲಿ ತೆಗೆಯಿರಿ ಎನ್ನುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ. ಹೀಗಾಗಿ ಹಾರೆಯಕ್ಕ.

ಮನೆಯೊಳಗೆ ಇಲಾಖೆಯವರನ್ನು ಬಿಡಲು ಹೆಂಗಸರು ಮೊದಲು ಒಪ್ಪಲಿಲ್ಲ. ಒಂದೊಂದೇ ಬಾಗಿಲಿಗೆ ಹೋಗಿ ಅವಳೇ ಒಪ್ಪಿಸಿದಳು. “ನಾನೇ ಬರ್ತೀನಿ ಕಣೆ. ಅವ್ರು ಹೊಸ್ತಿಲು ದಾಟಲ್ಲ. ಈ ಮಳೆಗಾಲ ನಿನ್ನ ಮಗು ಒಣ ನೆಲದ ಮೇಲೆ ಮಲಗಬೇಕೋ ಬೇಡ್ವೋ?” ಎಂದಳು. ಹನ್ನೊಂದು ಮನೆಯವರು ಒಲೆ ಸರಿಸಿದರು. ಅಡುಗೆಮನೆ ಎಂದರೆ ಮನೆಯ ಬಡತನವೆಲ್ಲ ಕೂತಿರುವ ಜಾಗ. ಯಾವ ಡಬ್ಬ ಖಾಲಿ, ಯಾರ ಸೊಸೆ ಎಲ್ಲಿ ಚಿಂದಿ ಒಣಗಿಸುತ್ತಾಳೆ, ಯಾರ ಗಂಡನ ಬಾಟಲಿ ಯಾವ ಮಡಕೆಯ ಹಿಂದೆ, ಎಲ್ಲ ಅವಳ ಕಣ್ಣಿಗೆ ಬಿತ್ತು. ಅವಳು ನೋಡದವಳಂತೆ ನೆಲವನ್ನಷ್ಟೇ ನೋಡಿದಳು.

ಒಂದು ಗೆರೆ ಸಾಕು ಎಂದಿದ್ದ ಇಂಜಿನಿಯರು. ಎರಡು ಅಂಚನ್ನೂ ಗುರುತಿಸಿದ್ದು ಅವಳ ಅಚ್ಚುಕಟ್ಟು. ಅವಳು ಹೇಳಿದ ಗೇಣಿನ ಲೆಕ್ಕವನ್ನು ಮೇಸ್ತ್ರಿ ಹೊಸ್ತಿಲಾಚೆ ನಿಂತು ಬರೆದುಕೊಂಡ.

ಹನ್ನೊಂದನೆಯದು ಇಸ್ತ್ರಿಯವಳ ಮನೆ. ಅದರ ಆಚೆ ಒಂದೇ ಗೋಡೆ, ಗೋಡೆಯಾಚೆ ಹಾರೆಯಕ್ಕನ ಮನೆ. ಎರಡು ಗೆರೆಗಳ ಜಾಡು ಹಿಡಿದು ಆ ಗೋಡೆಯ ಬುಡದಲ್ಲಿ ಹಾರೆ ಬಿಟ್ಟಾಗ ಬಂದ ಸದ್ದು ಠಣ್ ಅಲ್ಲ, ಧುಂ ಕೂಡ ಅಲ್ಲ. ಹಸಿ ಗಡಿಗೆಯ ಸದ್ದಿನ ಹಾಗೆ ಎರಡರ ನಡುವೆ ನಿಂತಿತು. ಅವಳು ತಲೆ ಓರೆ ಮಾಡಿ ಇನ್ನೊಮ್ಮೆ ಬಡಿಯಲು ಎತ್ತಿದಳು.

“ಸಾಕು ಬಿಡಿಯಮ್ಮ,” ಹೊಸ್ತಿಲಾಚೆ ಇಂಜಿನಿಯರು ಗಡಿಯಾರ ನೋಡಿಕೊಂಡ. “ಚರಂಡಿ ಇಲ್ಲೇ ಬೀದಿಗೆ ತಿರುಗುತ್ತೆ, ಗೋಡೇನೇ ಕೊನೆ ಅಂತ ಹಾಕ್ಬಿಡಿ. ನೀವೇ ಕಣ್ರಿ ನಮ್ಮ ಇಂಜಿನಿಯರು. ನಾನು ಸುಮ್ನೆ ಓದ್ಕೊಂಡವನು.”

ಅವಳಿಗೆ ಕಿವಿ ಬಿಸಿಯಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಎತ್ತಿದ ಹಾರೆಯನ್ನು ಮೆಲ್ಲಗೆ ಇಳಿಸಿದಳು. ಗೋಡೆಯ ಬುಡಕ್ಕೇ ಗೆರೆ ಎಳೆದಳು.

ಮುಂದಿನ ಶನಿವಾರ ವಾರ್ಡಿನ ಮೆಂಬರು ಬಂದ. ಮೂರು ಜೊತೆ ಕೈಗವಸಿನಲ್ಲಿ ಒಂದನ್ನು ಕೀಲಿ ರಿಪೇರಿಯ ತಾತನ ಕೈಯಿಂದ ಬಿಚ್ಚಿಸಿ, ತೊಳೆಸಿ, ತಾನು ಹಾಕಿಕೊಂಡು ಪೊರಕೆ ಹಿಡಿದ. ಫೋಟೋ ಆಯಿತು. ಕೈಗವಸು ಬಿಚ್ಚಿ ತಾತನತ್ತ ಎಸೆದ. ಅದು ಹೂಳಿನಲ್ಲಿ ಬಿತ್ತು.

“ಅಬ್ಬಾ, ಎಷ್ಟು ಗುಡಿಸಿದ ನೋಡ್ರೇ, ಬೆವರು ಒರಸ್ರೇ ಯಾರಾದ್ರೂ,” ಎಂದ ತಾತ. “ಬೋಳಿಮಗ, ಪೊರಕೆ ತಲೆಕೆಳಗಾಗಿ ಹಿಡಿದಿದ್ದ.”

ಆ ನಗು ಇನ್ನೂ ಓಣಿಯಲ್ಲಿ ಇರುವಾಗಲೇ, ಎಂಟೇ ದಿನಕ್ಕೆ, ಹನ್ನೊಂದು ಬಾಗಿಲಿಗೆ ಕಾಗದ ಅಂಟಿತು.

ಹಾರೆಯಕ್ಕನ ಮಗಳು ದರ್ಜಿ ಅಂಗಡಿಗೆ ಹೊರಟವಳು ನಿಂತು ಓದಿದಳು. ಚರಂಡಿಯ ಮೇಲೆ ಕಾನೂನುಬಾಹಿರವಾಗಿ ಕಟ್ಟಿಕೊಂಡಿರುವ ಮನೆಗಳು. ನಿವಾಸಿಗಳ ಸಹಭಾಗಿತ್ವದಲ್ಲಿ ನಡೆದ ಸರ್ವೆಯಿಂದ ಖಚಿತಪಟ್ಟಿದೆ. ಹದಿನೈದು ದಿನದೊಳಗೆ ತೆರವು. ಆಕ್ಷೇಪಣೆ ಇದ್ದಲ್ಲಿ ವಿಚಾರಣೆಗೆ ಹಾಜರಾಗತಕ್ಕದ್ದು.

“ಸಹಭಾಗಿತ್ವ ಅಂದ್ರೇನೇ?” ಎಂದಳು ಇಸ್ತ್ರಿಯವಳು.

ಮಗಳು ತಾಯಿಯ ಕಡೆ ನೋಡಿ ಕಣ್ಣು ಕೆಳಗಿಟ್ಟಳು. “ನಾವೂ ಸೇರ್ಕೊಂಡು ಮಾಡಿದ್ದು ಅಂತ, ಚಿಕ್ಕಮ್ಮ.”

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮನೆಮನೆಯಿಂದಲೂ ಕಲ್ಲಿನಿಂದ ನೆಲ ಉಜ್ಜುವ ಸದ್ದು ಕೇಳಿಸಿತು. ಸುಣ್ಣ ಹೋಯಿತು. ಅಳತೆ ಕಡತದೊಳಗೆ ಹೋಗಿ ಕೂತಿತ್ತು.

ಸಂಜೆ ಹಾರೆಯಕ್ಕ ಇಸ್ತ್ರಿಯವಳ ಬಾಗಿಲಿಗೆ ಹೋದಳು. ಇಪ್ಪತ್ತು ವರ್ಷ ಆ ಬಾಗಿಲನ್ನು ತಟ್ಟಿ ಒಳಗೆ ಹೋದವಳಲ್ಲ. ಇವತ್ತು ಚಿಲಕ ಹಾಕಿತ್ತು. ತಟ್ಟಿದಳು. ಬಾಗಿಲು ಅರ್ಧ ತೆರೆಯಿತು. ಇಸ್ತ್ರಿಯವಳ ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಹಾಗೇ ಇತ್ತು.

“ಒಂದು ಮಾತು ಕೇಳ್ಲಾ ಅಕ್ಕ?”

“ಕೇಳೆ.”

“ಹತ್ತು ಮನೇಲಿ ನಿನ್ನ ಕಿವಿ ನೆಟ್ಟಗಿತ್ತು. ನಮ್ಮನೇಲೂ ನೆಟ್ಟಗಿತ್ತು. ನಿನ್ನ ಗೋಡೆ ಬಂದ ಕೂಡ್ಲೇ ನಿಂತೋಯ್ತಲ್ಲ, ಅದ್ಹೆಂಗೆ?”

“ನಾನು ಬಡಿಯೋಕೆ ಎತ್ತಿದ್ದೆ ಕಣೆ. ಅವನು ಸಾಕು ಅಂದ.”

“ಅವನು ಸಾಕು ಅಂದ. ನೀನು ಸಾಕು ಮಾಡ್ದೆ.” ಇಸ್ತ್ರಿಯವಳು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದಳು. “ನನ್ನ ಬಾಣಂತನ ಮಾಡಿದೋಳು ನೀನು. ಬೇರೆ ಯಾರಾದ್ರೂ ಆಗಿದ್ರೆ ಈ ಕೆಂಡ ಮುಖಕ್ಕೆ ಸುರೀತಿದ್ದೆ. ಹೋಗಕ್ಕ.”

ಬಾಗಿಲು ಮುಚ್ಚಿತು. ಆ ರಾತ್ರಿ ಅವಳ ಪಕ್ಕದ ಗೋಡೆಯಿಂದ ಒಂದು ಕೆಮ್ಮೂ ಕೇಳಿಸಲಿಲ್ಲ. ಕೆಮ್ಮು ಬಂದರೂ ನುಂಗಿಕೊಂಡು ಮಲಗಿದ್ದರೇನೋ.

ವಿಚಾರಣೆಯ ಹಿಂದಿನ ದಿನ ತಾತನ ಜೊತೆ ಇಲಾಖೆಗೆ ಹೋದಳು. ಓಣಿಯಲ್ಲಿ ಅವಳೊಡನೆ ಮಾತಾಡುತ್ತಿದ್ದವನು ಅವನೊಬ್ಬನೇ, ಅವನ ಮನೆಯೂ ಹನ್ನೊಂದರಲ್ಲಿ ಒಂದು. ಎರಡು ಗಂಟೆ ಮೆಟ್ಟಿಲ ಮೇಲೆ ಕೂತರು. ಮೇಸ್ತ್ರಿ ಕಾಲಿನಿಂದ ದಾರಿ ಬಿಡಿಸಿಕೊಂಡು ದಾಟಿಹೋದ. “ಎದ್ದೇಳ್ರೋ ಮುಂಡೇವಾ, ಇದೇನು ನಿಮ್ಮ ಓಣಿ ಅಂದ್ಕೊಂಡ್ರಾ?”

ಕೊನೆಗೆ ಒಳಗೆ ಕರೆಸಿದ ಇಂಜಿನಿಯರು ಅದೇ ಮೆತ್ತನೆಯ ದನಿಯಲ್ಲಿ, “ಪೈಪು ಹಾಕ್ತೀವಲ್ಲ, ಮನೆ ತೆಗೆದ ಮೇಲೆ,” ಎಂದ.

“ಮನೇನೇ ಇಲ್ದಿದ್ರೆ ಪೈಪಲ್ಲಿ ಯಾರದ್ದು ಸ್ವಾಮಿ ಹರಿಯೋದು?” ಎಂದ ತಾತ.

“ದಿಬ್ಬದ ಮೇಲಿನೋರ್ದು.”

ತಾತ ಅವನನ್ನೇ ನೋಡಿದ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಕೇಳಿದ್ದೆ. ಕುಂಬಾರ್ತಿ ಕೈಯಲ್ಲೇ ದೊಣ್ಣೆ ಹಿಡಿಸಿದೋರನ್ನ ಈಗ ನೋಡ್ದೆ.” ಹೇಳಿ, ಗೋಡೆ ಹಿಡಿದುಕೊಂಡು ಹೊರಗೆ ನಡೆದ.

ಅವಳೂ ಹಿಂದೆಯೇ ಹೊರಟಳು. ಇಂಜಿನಿಯರು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

“ಅಮ್ಮ, ನಾಳೆ ದೊಡ್ಡ ಸಾಹೇಬರ ಮುಂದೆ ನೀವು ಒಂದು ಮಾತು ಹೇಳ್ಬೇಕು. ಬಡಿದು ಕೇಳಿದ್ದು ನಾನೇ, ಗೆರೆ ಎಳೆದಿದ್ದು ನಾನೇ, ಸರಿಯಾಗಿದೆ ಅಂತ. ನಕ್ಷೆ ಇಲ್ಲ ನೋಡಿ. ನಮ್ಮ ಹತ್ರ ಇರೋದು ನಿಮ್ಮ ಕಿವಿ ಒಂದೇ.”

“ನಾನು ಹೇಳ್ದಿದ್ರೆ?”

“ಹೇಳ್ದಿದ್ರೆ ಈ ಆರ್ಡರ್ ಬಿದ್ದೋಗುತ್ತೆ. ಎಲ್ಲಾ ಮೊದಲಿಂದ. ಮಷಿನ್ ತರಿಸಿ ಇಡೀ ಬೀದಿ ಅಗೆದು ನೋಡ್ಬೇಕು, ಮೆಂಬರು ಕಟ್ಟಿಸಿರೋ ಕಾಂಪ್ಲೆಕ್ಸೂ ಸೇರಿ. ಅದಕ್ಕೆ ಯಾರು ಸೈನ್ ಹಾಕ್ತಾರೆ?” ಅವನು ದನಿ ತಗ್ಗಿಸಿದ. “ನಿಮ್ಮ ಗೋಡೆ ವಿಷಯ ನಾನು ಎಲ್ಲೂ ಬಾಯಿ ಬಿಟ್ಟಿಲ್ಲ. ನಿಮ್ಮ ಮನೆ ಉಳೀತು. ಮಗಳ ಮದುವೆ ಮಾಡ್ಬೇಕಲ್ವಾ? ಇಂಥಾ ಕಿವಿ ಇರೋರು ಬೇಕು ನಮಗೆ. ಮುಂದಿನ ಓಣಿಗೂ ನಿಮ್ಮನ್ನೇ ಕರ್ಕೊಂಡು ಹೋಗ್ತೀನಿ.”

ಮುಂದಿನ ಓಣಿ. ಅಲ್ಲಿಯೂ ಯಾರೋ ಒಲೆಯನ್ನು ಎದೆಗವಚಿಕೊಂಡು ಮೂಲೆಗೆ ನಿಲ್ಲುತ್ತಾರೆ. ಅವಳು ಮೆಟ್ಟಿಲಿಳಿದಳು.

ಮನೆಗೆ ಬಂದು ಗೋಣಿಚೀಲದ ರಾಶಿಯ ಮುಂದೆ ಕೂತಳು. ದಬ್ಬಣಕ್ಕೆ ದಾರ ಪೋಣಿಸಿ ತೇಪೆ ಹಾಕತೊಡಗಿದಳು. ಬಾಗಿಲಿನಿಂದ ಬಿಸಿಲು ಓರೆಯಾಗಿ ಬಂದು ಚೀಲದ ಧೂಳಿನಲ್ಲಿ ನಿಂತಿತ್ತು. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಗೆರೆ ಸರಿಯಾಗಿತ್ತು. ಅದೇ ಅವಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಗೋಡೆಯ ಬುಡದ ಆ ಒಂದು ಸದ್ದು ಬಿಟ್ಟರೆ ಒಂದು ಗೇಣೂ ತಪ್ಪಿರಲಿಲ್ಲ. ಆ ಸದ್ದನ್ನೂ ಅವಳು ಕೇಳಿದ್ದಳು. ಇನ್ನೊಂದು ಸಲ ಬಡಿದಿದ್ದರೆ, ಅತ್ತೆಯ ಅರೆಯುವ ಕಲ್ಲಿನ ಕೆಳಗೆ ಕೇಳಿದ್ದೇ ಕೇಳುತ್ತಿತ್ತೋ ಎಂಬ ಹೆದರಿಕೆಯೂ ಹೊಗಳಿಕೆಯ ಜೊತೆಗೇ ಅವಳ ಕೈ ಇಳಿಸಿತ್ತೆ? ತನಗೆ ತಾನೇ ಕೇಳಿಕೊಂಡಳು. ಉತ್ತರ ಠಣ್ ಎನ್ನಲಿಲ್ಲ, ಧುಂ ಎನ್ನಲಿಲ್ಲ.

ನನ್ನ ಗೋಡೆಯೂ ಪೊಳ್ಳು ಎಂದು ನಾಳೆ ಹೇಳಬಹುದು. ಹನ್ನೊಂದು ಹೋಗಿ ಹನ್ನೆರಡಾಗುತ್ತದೆ. ಇಸ್ತ್ರಿಯವಳ ಸಂಕಟ ಒಂದು ಗಳಿಗೆ ತಣ್ಣಗಾಗಬಹುದು, ಮನೆ ಉಳಿಯುವುದಿಲ್ಲ. ಗೆರೆ ತಪ್ಪು ಎಂದರೆ, ಹಾಗಾದರೆ ಸರಿಯಾದದ್ದು ತೋರಿಸು ಎಂದು ಮತ್ತೆ ಹಾರೆ ಕೈಗೆ ಕೊಡುತ್ತಾರೆ. ಅವರು ಹಿಡಿದುಕೊಂಡಿರುವುದು ಗೆರೆಯನ್ನಲ್ಲ, ಕಿವಿಯನ್ನು.

ದಬ್ಬಣ ಚೀಲದೊಳಗೆ ಅರ್ಧ ಹೋಗಿ ನಿಂತಿತು.

ಕಿವಿಯೇ ಇಲ್ಲ ಎಂದರೆ?

ನನಗೆ ಎಷ್ಟೋ ವರ್ಷದಿಂದ ಕಿವಿ ಮಂದ, ಸ್ವಾಮಿ. ನಾಲ್ಕು ಜನ ಹೊಗಳಲಿ ಅಂತ ಬಡಿದೆ, ಕೈಗೆ ಬಂದ ಕಡೆ ಗೆರೆ ಎಳೆದೆ. ನನಗೇನೂ ಕೇಳಿಸಲಿಲ್ಲ. ಬೇಕಾದರೆ ಹಿಂದಿನಿಂದ ಕೂಗಿ ನೋಡಿ.

ದೊಡ್ಡ ಸಾಹೇಬ ಬೈಯುತ್ತಾನೆ. ಮೇಸ್ತ್ರಿ ಏನೆನ್ನುತ್ತಾನೋ ಅದಕ್ಕೆ ಲೆಕ್ಕವಿಲ್ಲ. ಇಂಜಿನಿಯರು ಮೆತ್ತಗೆ ನೋಡುತ್ತಾನೆ, ಆಮೇಲೆ ಅವಳ ಮನೆಯ ಗೋಡೆ ಅಗೆಸಿಯೂ ಅಗೆಸುತ್ತಾನೆ. ಓಣಿಯವರು ಅದನ್ನು ನಂಬಿಬಿಡುತ್ತಾರೆ, ಅದೇ ಹೆಚ್ಚು ಸುಡುವುದು. ಇಷ್ಟು ವರ್ಷ ನಮ್ಮ ಅಡುಗೆಮನೆಯಲ್ಲಿ ಆಟ ಕಟ್ಟಿದಳಲ್ಲ, ಸುಳ್ಳುಬುರುಕಿ, ಎನ್ನುತ್ತಾರೆ. ಇನ್ನು ಚರಂಡಿ ಕಟ್ಟಿಕೊಂಡರೆ ಯಾರೂ ಕರೆಯುವುದಿಲ್ಲ. ನಿಜ ಯಾರ ಕಿವಿಗೂ ಹಾಕುವಂತಿಲ್ಲ. ಒಬ್ಬರಿಗೆ ಹೇಳಿದರೆ ಓಣಿಗೆ, ಓಣಿಗೆ ಹೇಳಿದರೆ ಇಲಾಖೆಗೆ. ಮಗಳಿಗೂ ಬೇಡ. ನಾಳೆ ಒಂದು ದಿನಕ್ಕಲ್ಲ, ಇರುವಷ್ಟು ದಿನ.

ಅಪ್ಪನ ಮಾತು ನೆನಪಾಯಿತು. ನನ್ನ ಮಗಳು ತಟ್ಟಿ ಕೊಟ್ಟಿದ್ದು. ಕಣ್ಣು ಒರೆಸಿಕೊಂಡಳು.

ಗೋಡೆಯಾಚೆ ಇಸ್ತ್ರಿಯವಳು ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ಅವಳ ಮೊಮ್ಮಗುವಿನ ಅಳು. ದೂರದಲ್ಲಿ ತಾತ ಯಾವುದೋ ಬೀಗಕ್ಕೆ ಸುತ್ತಿಗೆಯಿಂದ ತಟ್ಟುತ್ತಿದ್ದ, ಒಳಗಿನ ತಂತಿ ಸಡಿಲವಾಗಿದೆ, ಅವನಿಗದು ಗೊತ್ತಾಗಿಲ್ಲ. ಅಷ್ಟನ್ನೂ ಅವಳು ಒಂದೊಂದಾಗಿ ಕೇಳಿಸಿಕೊಂಡಳು.

“ಅಮ್ಮಾ,” ಎಂದಳು ಮಗಳು ಒಳಗಿನಿಂದ. “ನಾಳೆ ಅವ್ರ ಮುಂದೆ ಏನ್ ಹೇಳ್ತೀಯ?”

ದಬ್ಬಣವನ್ನು ಎಳೆದು, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು.

“ಅಮ್ಮಾ.”

ಇನ್ನೊಂದು ಚೀಲ ಎತ್ತಿಕೊಂಡಳು. ಮಗಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, ಬೆನ್ನ ಹಿಂದೆ ನಿಂತು, ಇನ್ನೂ ಜೋರಾಗಿ ಕರೆದಳು.

ಅವಳು ತಿರುಗಲಿಲ್ಲ.