ಕೆಂಪು ಆಟ, ನೀಲಿ ಆಟ

ಅಂಗಳದ ಗೋಡೆಯ ಮೇಲೆ ನಾಲ್ಕು ಸಣ್ಣ ಸೆಲ್ಲುಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಸತ್ತ ಸೆಲ್ಲನ್ನು ಬಿಸಿಲಿಗಿಟ್ಟರೆ ಇನ್ನೊಂದರ್ಧ ತಾಸು ಉಸಿರು ಹಿಡಿಯುತ್ತದೆ ಎಂಬುದು ಕರೆಂಟಿಲ್ಲದ, ಎಮ್ಮೆ ಸಾಕುವವರ ಆ ಗೌಳಿವಾಡದಲ್ಲಿ ಕೂಸಿಗೂ ಗೊತ್ತಿದ್ದ ಸಂಗತಿ. ಗೋವಾದಿಂದ ಎಂಟು ದಿನದ ರಜೆಯ ಮೇಲೆ ಬಂದಿದ್ದ ಡಾಕಪ್ಪ ಅವುಗಳನ್ನು ನೋಡಿ ಒಳಗೊಳಗೇ ಹಿಗ್ಗಿದ. ಮಗ ಬಾಲು ತಾನು ತಂದುಕೊಟ್ಟ ಮಷಿನಿನ ಆಟದಲ್ಲಿ ಮುಳುಗಿದ್ದಾನೆ ಎಂದುಕೊಂಡ. ಒಂದು ಮಷಿನಿಗೆ ಎರಡೇ ಸೆಲ್ಲು ಸಾಕು, ನಾಲ್ಕು ಯಾಕೆ ಎಂದು ಅವನಿಗೆ ಹೊಳೆಯಲಿಲ್ಲ. ರೇಡಿಯೋದ ಸೆಲ್ಲೂ ಇವೇ, ಅದು ಬಾಯಿ ಮುಚ್ಚಿ ತಿಂಗಳಾಯಿತು ಎಂದು ಹೆಂಡತಿ ಕಮಲಿಬಾಯಿ ಗೊಣಗಿದಾಗಲೂ ನಕ್ಕು ಸುಮ್ಮನಾದ.

ಆ ಮಷಿನು ಬಂದ ಕಥೆಯಲ್ಲಿ ಡಾಕಪ್ಪನಿಗೊಂದು ಮುಳ್ಳಿತ್ತು. ಕೋಲ್ವಾದ ಸಮುದ್ರದಂಡೆಯ ಹೋಟೆಲಿನಲ್ಲಿ ಅವನು ರೂಮು ನೋಡಿಕೊಳ್ಳುವ ಆಳು. ಹೋದ ದೀಪಾವಳಿಯ ಹೊತ್ತಿಗೆ ಇಂಗ್ಲೆಂಡಿನ ಒಂದು ಸಂಸಾರ ಹದಿನೈದು ದಿನ ಅಲ್ಲಿ ತಂಗಿತ್ತು. ಅವರಿಗೂ ಒಬ್ಬ ಮಗ, ಒಬ್ಬಳು ಮಗಳು. ಹುಡುಗಿಗೆ ಜ್ವರ ಬಂದಾಗ ಡಾಕಪ್ಪ ಮನೆಯವನಂತೆ ಗಂಜಿ ಕಾಯಿಸಿ ತಂದುಕೊಟ್ಟಿದ್ದ. ಹೊರಡುವ ದಿನ ಆ ತಾಯಿ ಅವನ ಕೈಗೆ ಅಂಗೈಯಗಲದ ಎರಡು ಆಟದ ಮಷಿನು, ಅವುಗಳೊಳಗೆ ಸಿಕ್ಕಿಸುವ ಕೆಂಪು ಬಣ್ಣದ್ದೊಂದು ನೀಲಿ ಬಣ್ಣದ್ದೊಂದು ಆಟದ ಬಿಲ್ಲೆ, ಜೊತೆಗೊಂದು ವೈರು ಇಟ್ಟಳು. ಕೌಂಟರಿನ ಹುಡುಗ ಅವಳ ಮಾತನ್ನು ಕೊಂಕಣಿಯಲ್ಲಿ ಬಿಡಿಸಿ ಹೇಳಿದ: ಆಟದಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು. ಕೆಂಪಿನಲ್ಲಿರುವ ಕೆಲವು ಪ್ರಾಣಿ ನೀಲಿಯಲ್ಲಿಲ್ಲ, ನೀಲಿಯಲ್ಲಿರುವ ಕೆಲವು ಕೆಂಪಿನಲ್ಲಿಲ್ಲ. ಇಬ್ಬರು ಬೇರೆ ಬೇರೆ ಆಡಿ, ವೈರು ಜೋಡಿಸಿ ಅದಲುಬದಲು ಮಾಡಿಕೊಂಡರೇನೇ ಸಂಗ್ರಹ ತುಂಬುವುದು.

ನಿನಗೆಷ್ಟು ಮಕ್ಕಳು ಎಂದು ಅವಳು ಕೇಳಿದಳು. ಗಂಡೊಂದು ಹೆಣ್ಣೊಂದು ಎಂದ. ಹಾಗಾದರೆ ಸರಿಯಾಯಿತು, ಒಬ್ಬೊಬ್ಬರಿಗೆ ಒಂದೊಂದು ಎಂದಳು. ಜ್ವರ ಬಿಟ್ಟಿದ್ದ ಹುಡುಗಿ ನಡುವೆ ಬಾಯಿ ಹಾಕಿ, ಆಟ ಶುರುವಾಗುವಾಗ ಹೆಸರು ಕೇಳುತ್ತದೆ, ನಿನ್ನ ಮಗಳಿಗೆ ಅವಳದೇ ಹೆಸರು ಹಾಕಲು ಹೇಳು ಎಂದಳು. ಡಾಕಪ್ಪ ಆಗಲಿ ಎಂದು ತಲೆಯಾಡಿಸಿದ.

ಊರಿಗೆ ಬಂದವನು ಎರಡನ್ನೂ ಬಾಲುವಿನ ಮಡಿಲಿಗೆ ಹಾಕಿದ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸೆಗಣಿ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದ ಮಗಳು ತುಳಜಾ ನೋಡಿದಳೇ ಹೊರತು ಏನೂ ಕೇಳಲಿಲ್ಲ. ಕೇಳಿದ್ದರೆ ಗದರಿಸಿ ಹಗುರಾಗಬಹುದಿತ್ತು. ಕೇಳದೇ ಹೋದದ್ದು ಅವನ ಎದೆಯಲ್ಲಿ ಹಾಗೇ ಉಳಿಯಿತು.

ತುಳಜಾ ಬಾಲುವಿಗಿಂತ ಒಂದೇ ವರ್ಷ ದೊಡ್ಡವಳು. ಏಳನೆಯ ಇಯತ್ತೆಯನ್ನು ಊರ ಶಾಲೆಗೇ ಮೊದಲಿಗಳಾಗಿ ಮುಗಿಸಿದ್ದಳು. ಹೈಸ್ಕೂಲು ಹಳಿಯಾಳದಲ್ಲಿ, ಬಸ್ಸು ನಿಲ್ಲುವಲ್ಲಿಗೆ ಕಾಡಿನೊಳಗೆ ಮೂರು ಕಿಲೋಮೀಟರು, ಮನೆಯಲ್ಲಿ ಎಂಟು ಎಮ್ಮೆ. ಸಾಕು ಎಂದಿದ್ದ ಡಾಕಪ್ಪ. ಒಂದು ವರ್ಷದಿಂದ ಅವಳು ಎಮ್ಮೆ ಕಾಯುತ್ತಿದ್ದಳು. ಈಗ ಬಾಲು ಏಳು ಮುಗಿಸಿದ್ದ. ಅವನನ್ನು ಹೈಸ್ಕೂಲಿಗೆ ಸೇರಿಸುವ ಸಲುವಾಗಿಯೇ ಡಾಕಪ್ಪ ರಜೆ ಹಾಕಿದ್ದು, ಹಳಿಯಾಳದ ಶಿವಲಿಂಗಪ್ಪ ಮಾಸ್ತರರನ್ನು ಭಾನುವಾರ ಮನೆಗೆ ಕರೆಸಿದ್ದು.

ಮಾಸ್ತರರು ಚಾಪೆಯ ಮೇಲೆ ಕುಳಿತು ಚೀಲದಿಂದ ಫಾರ್ಮು ತೆಗೆದರು. ಒಂದಲ್ಲ, ಎರಡು. ಡಾಕಪ್ಪ ಹೆಂಡತಿಯ ಮುಖ ನೋಡಿದ. ಕಮಲಿಬಾಯಿ ಚಹಾದ ಬಟ್ಟಲು ಇಡುವುದರಲ್ಲಿ ಮಗ್ನಳಾದವಳಂತೆ ತಲೆ ತಗ್ಗಿಸಿದಳು. ಇವಳದೇ ಕೆಲಸ ಎಂದು ಅವನಿಗೆ ತಿಳಿಯಿತು.

ಒಂದು ಫಾರ್ಮನ್ನು ಅವನು ಮೆಲ್ಲನೆ ಹಿಂದಕ್ಕೆ ಸರಿಸಿದ. "ಮಾಸ್ತರ್ರ, ನಾ ಮಗಳ ವೈರಿ ಅಲ್ಲರೀ. ವರ್ಷದಾಗ ಹನ್ನೊಂದ ತಿಂಗಳ ನಾ ಗೋವಾದಾಗ ಇರ್ತೇನಿ. ಸಂಜೀ ಬಸ್ ತಪ್ಪಿತಂದ್ರ ಹದಿಮೂರು ವರ್ಷದ ಹುಡಿಗಿ ಅಡವಿಯಾಗ ಒಬ್ಬಾಕಿ ಬರಬೇಕು. ಅಲ್ಲಿ ನನಗ ನಿದ್ದಿ ಹೆಂಗ ಬರ್ಬೇಕು?"

ಮಾತಿನಲ್ಲಿ ಸುಳ್ಳಿರಲಿಲ್ಲ. ಮಾಸ್ತರರೂ ಹೌದೆಂಬಂತೆ ತಲೆದೂಗಿದರು. ಆದರೆ ಕಮಲಿಬಾಯಿ ಸೆರಗು ಸರಿಮಾಡಿಕೊಂಡು, "ಇನ್ನ ಮ್ಯಾಲೆ ಒಬ್ಬಾಕಿ ಯಾಕ ಬರ್ತಾಳ? ಬಾಲೂನೂ ಅದ ದಾರೀಲೆ ಬರಾಂವಲ್ಲೇನು?" ಎಂದಳು.

ಡಾಕಪ್ಪ ಮಾತು ಬದಲಿಸಿದ. ಹುಡುಗನ ತಲೆ ನೋಡಿರಿ ಮಾಸ್ತರರೇ, ಎಲ್ಲ ಇಂಗ್ಲಿಷಿನಲ್ಲಿರುವ ಆಟ, ನೂರಕ್ಕೂ ಮೇಲೆ ಪ್ರಾಣಿ ಹಿಡಿದಿದ್ದಾನೆ ಎನ್ನುತ್ತ ಮಗನನ್ನು ಕರೆದ. ಬಾಲು ಕಂಬದ ಹಿಂದಿನಿಂದ ಬರಲೊಲ್ಲದೆ ಬಂದ. ಸೆಲ್ಲಿಲ್ಲ ಎಂದ. ಅಪ್ಪ ಗೋಡೆಯ ಮೇಲಿನವನ್ನು ತಂದುಕೊಟ್ಟ. ಎಲ್ಲಕ್ಕಿಂತ ದೊಡ್ಡದನ್ನು ಕಾದಾಡಿಸಿ ತೋರಿಸು ಎಂದ.

ಪುಟ್ಟ ಪರದೆಯ ಮೇಲೆ ರೆಕ್ಕೆ ಬಿಚ್ಚಿದ ಭಾರೀ ಪ್ರಾಣಿಯೊಂದು ನಿಂತಿತು. ಎದುರಿಗೆ ಇಲಿಯಷ್ಟಿದ್ದ ಇನ್ನೊಂದು. ಬಾಲು ಗುಂಡಿ ಒತ್ತಿದ. ದೊಡ್ಡದು ಮುಖ ತಿರುಗಿಸಿತು. ಮತ್ತೆ ಒತ್ತಿದ. ಅದು ಹೊಡೆಯುವುದನ್ನು ಬಿಟ್ಟು ನಿದ್ದೆಗೆ ಬಿತ್ತು. ಆ ಇಲಿ ಬಂದು ಬಂದು ಅದನ್ನು ಕಚ್ಚಿತು. ಬಾಲುವಿನ ಕಿವಿ ಕೆಂಪಾದವು. ಮಷಿನು ಕೆಟ್ಟಿರಬೇಕು, ಬಿಸಿಲಿನ ಸೆಲ್ಲು ನೋಡಿ ಎಂದು ಡಾಕಪ್ಪ ತಡವರಿಸಿದ. ಮಾಸ್ತರರು ಕನ್ನಡಕ ಏರಿಸಿ ಪರದೆಯ ಕೆಳಗಿನ ಸಾಲನ್ನು ಓದಿದರು. ಕೆಟ್ಟಿಲ್ಲ, ಮಾತು ಕೇಳುತ್ತಿಲ್ಲ ಎಂದು ಬರೆದಿದೆ ಎಂದರು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಅದು ಅವನ ಮಾತ ಕೇಳಂಗಿಲ್ಲರೀ," ತುಳಜಾ ಬಾಗಿಲಿಗೆ ಬಂದು ನಿಂತು ಹೇಳಿದಳು. ಕೈಗೆಲ್ಲ ಹಿಟ್ಟು. "ಅದನ್ನ ಸಣ್ಣದರಿಂದ ಸಾಕಿದಾಕಿ ನಾನು. ಇನ್ನೊಬ್ಬರು ಸಾಕಿದ್ದು ದೊಡ್ಡದಾಗಿ ಬಂದ್ರ, ಇಂವ ಅದಕ್ಕ ತಕ್ಕಷ್ಟ ಆಟದಾಗಿನ ಪದಕ ಗೆಲ್ಲೂತನಾ ಅದು ಇವನ್ನ ಮಾಲಕ ಅನ್ನಂಗಿಲ್ಲ. ಆಟದ ಕಾಯ್ದೆ ಐತ್ರಿ ಅದು."

ಬಾಲು ತಲೆ ಎತ್ತಲಿಲ್ಲ. ಆದರೆ ಬಾಯಿ ಬಿಟ್ಟ. ಇಂಗ್ಲಿಷು ತನಗೆ ತಿಳಿಯಲಿಲ್ಲ, ಮೊದಲ ಊರನ್ನೇ ದಾಟಲಾಗಲಿಲ್ಲ. ಟ್ರಂಕಿನಲ್ಲಿದ್ದ ಇನ್ನೊಂದು ಮಷಿನನ್ನೂ ನೀಲಿ ಬಿಲ್ಲೆಯನ್ನೂ ತಾನೇ ತೆಗೆದು ಅಕ್ಕನಿಗೆ ಕೊಟ್ಟದ್ದು. ಅಕ್ಕ ಎಮ್ಮೆ ಮೇಯಿಸುತ್ತ ಹಳೆಯ ಡಿಕ್ಷನರಿ ಹಿಡಿದು ಓದಿದಳು, ತನಗೂ ಓದಿ ಹೇಳಿದಳು, ಹಿಡಿದದ್ದನ್ನೆಲ್ಲ ವೈರಿನಲ್ಲಿ ತನಗೆ ಕಳಿಸಿದಳು. "ನೀ ನನ್ನ ಹೊಗಳಿದಿ ಅಪ್ಪಾ. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ," ಎಂದ.

ಮಾಸ್ತರರು ಬಾಲು ತೋರಿಸಿದ ಗುಂಡಿ ಒತ್ತಿ ಆ ಪ್ರಾಣಿಯ ವಿವರದ ಹಾಳೆ ತೆರೆದು, ಮಷಿನನ್ನು ಡಾಕಪ್ಪನ ಕೈಗಿಟ್ಟರು. ಯಾರ ಕೈಗೆ ಹೋದರೂ ಅಳಿಯದಂತೆ, ಮೊದಲು ಹಿಡಿದವರ ಹೆಸರು ಅದರಲ್ಲಿರುತ್ತದೆ ಎಂದು ಬಾಲು ಹೇಳಿದ. ಹೋಟೆಲಿನ ಚೀಟಿ ನೋಡಿ ನೋಡಿ ಡಾಕಪ್ಪನಿಗೆ ಇಂಗ್ಲಿಷಿನ ಅಕ್ಷರ ಬರುತ್ತಿದ್ದವು. ಟವೆಲಿನ ಟಿ ಕಂಡಿತು. ಲಾಂಡ್ರಿಯ ಎಲ್ ಕಂಡಿತು. ಬೆರಳಿಟ್ಟು ಒಂದೊಂದೇ ಕೂಡಿಸಿದ. ತುಳಜಾ. ಮುಂದಿನ ಪ್ರಾಣಿಯಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ.

ಯಾರೂ ಹೇಳಿಕೊಡದೆ ಅವಳು ತನ್ನದೇ ಹೆಸರು ಹಾಕಿಕೊಂಡಿದ್ದಳು. ಹೇಳುತ್ತೇನೆಂದು ತಲೆಯಾಡಿಸಿ ಬಂದಿದ್ದವನು ತಾನು. ಹೋಟೆಲಿನ ಆ ಪರದೇಶದ ಹುಡುಗಿಯ ಮುಖ ನೆನಪಾಗಿ ಡಾಕಪ್ಪನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಂಕಟವಾಯಿತು. ಮಗಳ ಕಡೆ ನೋಡಲಾಗದೆ ಅವನು ಚಾಪೆಯ ಮೇಲೆ ಕೈಯಾಡಿಸಿ, ತಾನೇ ಹಿಂದಕ್ಕೆ ಸರಿಸಿದ್ದ ಫಾರ್ಮನ್ನು ಮುಂದಕ್ಕೆ ಎಳೆದುಕೊಂಡ.

"ಎಮ್ಮಿ?" ಎಂದಳು ತುಳಜಾ, ನಂಬದವಳ ಹಾಗೆ.

ಬೆಳಗಿನಿಂದ ಮೇಯಿಸುವ ಪಾಳಿ ತನ್ನದು, ಶಾಲೆಯಿಂದ ಬಂದ ಮೇಲೆ ಸಂಜೆಯದು ಬಾಲುವಿನದು ಎಂದು ಕಮಲಿಬಾಯಿ ಆಗಲೇ ಲೆಕ್ಕ ಹಾಕಿಟ್ಟಿದ್ದಳು. ಬಾಲು ಹೂಂ ಎಂದ.

ಮರುದಿನ ಮಕ್ಕಳಿಬ್ಬರೂ ಅವ್ವನ ಜೊತೆ ಹಳಿಯಾಳದ ಬಸ್ಸಿಗೆ ಹೊರಟರು. ಅದೇ ದಿನ ಗೋವಾಕ್ಕೆ ಮರಳಬೇಕಿದ್ದ ಡಾಕಪ್ಪ ಉಳಿದುಕೊಂಡು, ಕೋಲು ಹಿಡಿದು ಎಮ್ಮೆ ಬಿಚ್ಚಿದ. ಎಂಟರಲ್ಲಿ ಒಂದೂ ಅವನ ಮಾತಿಗೆ ಕಿವಿಗೊಡಲಿಲ್ಲ. ಮುಂದಾಳು ಎಮ್ಮೆಯಂತೂ ಕೆಸರಿನಲ್ಲಿ ಕಾಲು ಮಡಚಿ ಮಲಗಿಯೇಬಿಟ್ಟಿತು. ಹಚಾ, ಹುರ್ರ್ ಎಂದ, ಬಾಲ ತಿರುವಿದ, ಬೈದ. ಅದು ಅವನ ಕಡೆ ನೋಡಲೂ ಇಲ್ಲ.

ಕಾಡಿನ ತಿರುವಿಗೆ ಹೋಗಿದ್ದ ತುಳಜಾ ಗದ್ದಲ ಕೇಳಿ ನಿಂತಳು. "ಅಪ್ಪಾ, ಹಿಂದಿಂದ ಹೊಡೀಬ್ಯಾಡ. ಮುಂದ ನಡಿ, ನಡೀತ ಅದರ ಹೆಸರ ಹಿಡದ ಕರಿ."

ಡಾಕಪ್ಪ ಕೋಲನ್ನು ಬೇಲಿಗೆ ಒರಗಿಸಿದ. ತನ್ನದೇ ಕೊಟ್ಟಿಗೆಯ ಎಮ್ಮೆಯ ಹೆಸರು ಅವನಿಗೆ ಗೊತ್ತಿರಲಿಲ್ಲ.

"ಏನಿಟ್ಟೀ ಮಗಳ ಇದರ ಹೆಸರು?" ಎಂದು ಕೇಳಿದ.

"ಗಂಗಿ," ಎಂದು ಅವಳು ಕೂಗಿ ಹೇಳಿದಳು. ಬಸ್ಸು ತಪ್ಪೀತೆಂದು ಓಡಿದಳು.

ಡಾಕಪ್ಪ ಮುಂದೆ ನಡೆಯುತ್ತ ಕರೆದ. ಮೂರನೆಯ ಸಲ ಕರೆದಾಗ ಅದು ಎದ್ದು ನಿಂತಿತು.