ಸೋಲುವಾಗ ಹೋಗುವ ಕರೆಂಟು

ಭಂಡಿಗಡಿಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಯ ಫೈನಲ್ಲಿನಲ್ಲಿ ಬೆಳಕು ಎರಡು ಸಲ ಹೋಯಿತು. ಎರಡು ಸಲವೂ ಭಂಡಿಗಡಿಯವರು ಸೋಲುತ್ತಿದ್ದರು. ಜನಕ್ಕೆ ಇಷ್ಟು ಸಾಕಾಯಿತು.

“ಎಂತ ಗೋವಿಂದ ಭಾವ, ಊರ ಋಣ ತೀರಿಸ್ತಾ ಇದ್ದೀರಾ?” ಎಂದು ನೆಟ್ಟಿನ ಆಚೆಯಿಂದ ಕೂಗಿದ ಮೆಣಸೆ ತಂಡದ ಕ್ಯಾಪ್ಟನ್ ಸಂದೇಶ. ಅವನು ಗೋವಿಂದನ ಹೆಂಡತಿಯ ತಮ್ಮ. ಊರಿನವರ ಲೆಕ್ಕ ಬೇರೆಯೇ ಇತ್ತು: ಲೈಟು ಕಟ್ಟಿದ ಗೋವಿಂದ ಇಲ್ಲಿಯವನಾದರೂ ಮೆಣಸೆಯ ಅಳಿಯ, ನಮ್ಮ ಹುಡುಗರು ಚೇತರಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಬೆಳಕು ತೆಗೆಯುತ್ತಾನೆ. ಒಂದೇ ಕತ್ತಲೆಗೆ ಎರಡೂ ಊರಿನ ಕಳ್ಳನಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಸಮಿತಿಯ ಅಧ್ಯಕ್ಷ ಸುಬ್ಬಪ್ಪ ಸುತ್ತಿ ಬಳಸಿ ಹೇಳುವವರಲ್ಲ. “ಇನ್ನೊಂದು ಸೆಟ್ಟು ಬಾಕಿ ಇದೆ. ಆಟದ ಮಧ್ಯ ಮತ್ತೆ ಲೈಟು ಹೋಯ್ತಾ, ಮುಂದಿನ ವರ್ಷದಿಂದ ಕೊಪ್ಪದವರನ್ನ ಕರೆಸ್ತೀವಿ. ನೀನು ತುಳಸಿಕಟ್ಟೆಗೆ ಮಿಣುಕು ಸರ ಕಟ್ಕಂಡಿರು.”

ಕರೆಂಟು ಬರುತ್ತಿದ್ದದ್ದು ಮೈದಾನದ ಪಕ್ಕದ ಯಮುನಮ್ಮನ ಮನೆಯಿಂದ. ಹಳೆಯ ಫ್ಯೂಸ್ ಇದ್ದಾಗ ದಪ್ಪ ತಂತಿ ಸುತ್ತಿದರೆ ಕೆಲಸ ಮುಗಿಯುತ್ತಿತ್ತು, ಮುಂದಿನದು ದೇವರ ಭಾರ. ಈ ವರ್ಷ ಹಾಕಿಸಿದ ಎಂಸಿಬಿಗೆ ಮುಲಾಜೇ ಇಲ್ಲ. ಹದಿನಾರು ಆಂಪಿಯರ್ ದಾಟಿದರೆ ಸ್ವಲ್ಪ ಹೊತ್ತು ಸಹಿಸುತ್ತದೆ, ಬಿಸಿಯಾಗುತ್ತದೆ, ಆಮೇಲೆ ಟಕ್ಕೆಂದು ಬೀಳುತ್ತದೆ. ಮೊದಲ ಸಲ ಬಿದ್ದಾಗ ಸುಬ್ಬಪ್ಪನವರೇ ಅದರ ಸ್ವಿಚ್ಚಿಗೆ ಅಡಿಕೆ ದಬ್ಬೆಯ ಚೂರು ಆನಿಸಿ ಬಾಳೆನಾರಿನಲ್ಲಿ ಬಿಗಿದಿದ್ದರು. ಎರಡನೆಯ ಸಲ ಎಂಸಿಬಿ ಒಳಗೊಳಗೇ ಬಿತ್ತು; ಸ್ವಿಚ್ಚು ನೆಟ್ಟಗೆ ನಿಂತೇ ಇತ್ತು, ಕರೆಂಟು ಮಾತ್ರ ಇರಲಿಲ್ಲ. “ಮೇಲಿಂದ ನೋಡಿದ್ರೆ ಎಲ್ಲ ಸರಿಯಾಗೇ ಇದೆಯಲ್ಲ ಮಾರಾಯ” ಎಂದು ಅವರು ಅದನ್ನು ಗೌರವದಿಂದ ನೋಡಿದರು. ವರ್ಷಗಟ್ಟಲೆ ಸಮಿತಿ ನಡೆಸಿದವರಿಗೆ ಆ ಸ್ಥಿತಿ ಅಪರಿಚಿತವಲ್ಲ.

ಆರು ಹ್ಯಾಲೋಜನ್ ದೀಪಕ್ಕೆ ಹದಿಮೂರು ಆಂಪಿಯರ್. ಉಳಿದದ್ದನ್ನು ಕುಡಿಯುತ್ತಿರುವವರು ಯಾರು? ಗೋವಿಂದ ಬೋರ್ಡಿನಿಂದ ಹೊರಟ ಇನ್ನೊಂದು ವಯರಿನ ಜಾಡು ಹಿಡಿದು ನಡೆದ. ಅದು ಜಗಲಿ ಇಳಿದು, ಯಮುನಮ್ಮನ ಚಹಾ ಮೇಜಿನ ಕೆಳಗಿದ್ದ ಬಕೆಟ್ಟಿನಲ್ಲಿ ಮುಳುಗಿತ್ತು. ನೀರು ಕಾಯಿಸುವ ಕಾಯಿಲ್.

“ಯಮುನಕ್ಕ, ಇದನ್ನ ಯಾವಾಗ್ಲೂ ಹಾಕಿರ್ತೀರಾ?”

“ಎಂತಕ್ಕೆ? ಸ್ಟವ್ ಸಾಕು. ನಮ್ಮೋರು ಸೋಲಕ್ಕೆ ಶುರು ಮಾಡಿದ್ರೆ ಮಾತ್ರ ಹಾಕೋದು. ಗೆಲ್ಲುವಾಗ ಒಂದು ನರಪಿಳ್ಳೆ ಈ ಕಡೆ ತಲೆ ಹಾಕಲ್ಲ. ನಾಲ್ಕು ಪಾಯಿಂಟ್ ಹಿಂದೆ ಬೀಳಲಿ, ನೋಡಕ್ಕಾಗದೆ ಎಲ್ಲ ಚಾ ಕುಡಿಯಕ್ಕೆ ಬರ್ತಾರೆ.”

ಗೋವಿಂದನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಇವತ್ತೊಂದಿನ ಇದು ಬೇಡ ಅಕ್ಕ.”

“ಕರೆಂಟು ಯಾರ ಮನೇದು?”

“ನಿಮ್ದೇ.”

“ಹಂಗಾರೆ ನಿನ್ನ ಲೈಟೇ ಎರಡು ತೆಗಿ.”

ಎರಡು ತೆಗೆದರೆ ಚೆಂಡು ಕಾಣುವುದಿಲ್ಲ. ಕೊನೆಯ ಸೆಟ್ಟು ಶುರುವಾಯಿತು. ಮೆಣಸೆ ಒಂಬತ್ತು, ಭಂಡಿಗಡಿ ಐದು. ಹಿಂದಿನ ಸಾಲಿನವರು ಪಂಚೆ ಕೊಡವಿಕೊಂಡು ಎದ್ದರು. ಯಮುನಮ್ಮನ ಕೈ ಕಾಯಿಲಿನ ಸ್ವಿಚ್ಚಿನತ್ತ ಹೋಯಿತು. ಗೋವಿಂದ ಒಂದೇ ನೆಗೆತಕ್ಕೆ ವೀಕ್ಷಕ ವಿವರಣೆಯವನ ಮೈಕು ಕಿತ್ತುಕೊಂಡ.

“ಪ್ರೇಕ್ಷಕರ ಗಮನಕ್ಕೆ. ಚಾ ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ. ಯಾರೂ ಆ ಕಡೆ ಹೋಗಿ ಬೇಸರಪಟ್ಟುಕೊಳ್ಳಬಾರದಾಗಿ ವಿನಂತಿ.”

ಎದ್ದವರು ಹಾಗೇ ಕೂತರು. ಹಾಲಿಲ್ಲದ ಚಹಾಕ್ಕೆ ಹೊಂದಿಕೊಂಡಾರು, ಸೋಲುವ ಹೊತ್ತಿನಲ್ಲಿ ಸಿಹಿ ಇಲ್ಲದ ಚಹಾ ಯಾರಿಗೆ ಬೇಕು? ಯಮುನಮ್ಮ ಸೌಟು ಹಿಡಿದು ಏನೋ ಕೂಗಿದರು. ಆದರೆ ಮೈಕಿನಲ್ಲಿ ಹೇಳಿದ ಸುಳ್ಳನ್ನು ಅಳಿಸಲು ಮೈಕೇ ಬೇಕು. ಅದು ಗೋವಿಂದನ ಕೈಯಲ್ಲಿತ್ತು. ಆರೂ ದೀಪಗಳು ಕಣ್ಣು ಮಿಟುಕಿಸದೆ ಉರಿದವು. ಭಂಡಿಗಡಿ ಇಷ್ಟು ಸ್ಪಷ್ಟವಾಗಿ ಸೋತದ್ದನ್ನು ಊರು ಎಂದೂ ಕಂಡಿರಲಿಲ್ಲ.

ಬಹುಮಾನ ಕೊಡುವ ಮೊದಲು ಸುಬ್ಬಪ್ಪ ಸೋಲು ಗೆಲುವು ಮುಖ್ಯವಲ್ಲ ಎಂಬುದನ್ನು ವಿವರಿಸತೊಡಗಿದರು. ಅಷ್ಟರಲ್ಲಿ ಹಿಂದಿನಿಂದ ಯಮುನಮ್ಮನ ದನಿ, ಎತ್ತಿ ಹಿಡಿದ ಡಬ್ಬಿಯ ಸಮೇತ: “ಸಕ್ಕರೆ ಇದೆ ಕಣ್ರೋ! ಬೇಕಾದಷ್ಟಿದೆ!”

ಊರಿಗೆ ಊರೇ ಬೆನ್ನು ತಿರುಗಿಸಿ ಚಹಾದ ಕಡೆ ನುಗ್ಗಿತು. ಗೋವಿಂದ ಬೋರ್ಡಿನತ್ತ ಓಡಿದ. ಭಾಷಣ ಉದ್ದವಾಯಿತು, ಬಕೆಟ್ಟಿನ ನೀರು ಕಾಯಿತು, ಬಹುಮಾನದ ಕಪ್ಪು ಸಂದೇಶನ ಕೈಗೆ ದಾಟುವ ಹೊತ್ತಿಗೆ ಸರಿಯಾಗಿ—ಟಕ್.

ಕತ್ತಲೆಯಲ್ಲಿ ತಡಕಾಡಿಕೊಂಡು ಬಂದ ಕೈಯೊಂದು ಗೋವಿಂದನ ಹೆಗಲ ಮೇಲೆ ಬಿತ್ತು. ಅವನು ಬೈಗುಳಕ್ಕೆ ತಲೆ ಬಗ್ಗಿಸಿದ.

“ಅಂತೂ ಒಂದ್ಸಲ ಸರಿಯಾದ ಟೈಮಿಗೆ ತೆಗೆದೆ ಮಾರಾಯ,” ಸುಬ್ಬಪ್ಪ ಪಿಸುಗುಟ್ಟಿದರು. “ಈಗ್ಲೇ ಹಾಕಬೇಡ. ಮೆಣಸೆಯವರು ಕತ್ತಲಲ್ಲೇ ಕಪ್ಪು ಹಿಡ್ಕಂಡು ಜೀಪು ಹತ್ತಲಿ. ಮುಂದಿನ ವರ್ಷಕ್ಕೂ ನೀನೇ.”

ಗೋವಿಂದ ಸ್ವಿಚ್ಚಿನ ಮೇಲಿಟ್ಟಿದ್ದ ಬೆರಳನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡ.