ನಾಲ್ಕೂ ಗಾಲಿ ದುಡಿಯುವ ಲಾರಿ

ಮಹಾಂತಮ್ಮನ ಲಾರಿ ಬರುತ್ತಿದೆ ಎಂದರೆ ಶಿವಮೊಗ್ಗದ ಪೇಟೆಯಲ್ಲಿ ತಕ್ಕಡಿ ಹಿಡಿದವನೂ ಕೆಳಗಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದ. ಅಬ್ಬಬ್ಬಾ, ಅದೇನು ಕೂಗು! ಕಲ್ಲು ಹಾಸಿದ ಗಟ್ಟಿ ರಸ್ತೆಗೆ ಬಂದರೆ ಸಾಕು, ಲಾರಿಯ ಹೊಟ್ಟೆಯೊಳಗಿಂದ ಗೊಂಯ್ ಎಂಬ ಸದ್ದು ಏಳುತ್ತಿತ್ತು. ತಿರುವು ಬಂದರೆ ಅದರ ಜೊತೆಗೆ ಕಟಕಟ ಎಂದು ಹಲ್ಲು ಕಡಿದು ಗಾಡಿ ಮುಗ್ಗರಿಸುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ ಅದು. ಕೊಂಡವನು ಅವಳ ಗಂಡ ಏಕಾಂತಪ್ಪ. ಕೊಂಡ ವರ್ಷವೇ ಜ್ವರ ಬಂದು ಹೋಗಿಬಿಟ್ಟ. ಹದಿನೈದು ದಿನ ಕಳೆಯುವಷ್ಟರಲ್ಲಿ ಮೈದುನ ಷಡಕ್ಷರಪ್ಪ ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕೂತ. "ಅತ್ತಿಗೆ, ಲಾರಿ ನಡೆಸೋದು ಹೆಂಗಸರ ಕೆಲಸ ಅಲ್ಲ. ನನಗೆ ಬಿಡಿ" ಎಂದ. ಮಹಾಂತಮ್ಮ ಬಿಡುವವಳೇ? ವರ್ಷವೊಂದು ತಾನೇ ನಡೆಸಿದಳು. ಅವನ ಕಾಟ ನಿಲ್ಲದೆ ಕೊನೆಗೆ ಊರ ಹಿರಿಯರ ಮುಂದೆ ಮಾತಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ವರ್ಷವಿಡೀ ಇದ್ದಿಲು ಸಾಗಿಸುವ ಕೆಲಸ ಇವಳು ಗಿಟ್ಟಿಸಿದರೆ ಲಾರಿ ಇವಳದು, ಇಲ್ಲದಿದ್ದರೆ ಅವನದು. ಕಾರ್ಖಾನೆಯವರು ಕೇಳಿದ್ದು ಒಂದೇ: ಗೊತ್ತಾದ ದಿನ ಮಧ್ಯಾಹ್ನದ ಸೈರನ್ ಕೂಗುವ ಮೊದಲು ತುಂಬಿದ ಲಾರಿ ಗೇಟಿನಲ್ಲಿರಬೇಕು.

ಆ ದಿನ ಬಂತು. ತ್ಯಾವರೆಕೊಪ್ಪದ ಕಡೆಯ ಕಾಡಿನಲ್ಲಿ ಇದ್ದಿಲು ತುಂಬಿ ಹೊರಟರು. ಸ್ಟೇರಿಂಗ್ ಹಿಡಿದವನು ಪುಟ್ಟಣ್ಣ. ಸೈನ್ಯದಲ್ಲಿ ಬರ್ಮಾ ಗಡಿಯವರೆಗೆ ಇಂಥದೇ ಲಾರಿ ಓಡಿಸಿ ಬಂದವನು, ಮಾತು ಕಡಿಮೆ. ಅವನ ಪಕ್ಕ ಷಡಕ್ಷರಪ್ಪ. ಸೋಲು ನೋಡಲೆಂದೇ ಹತ್ತಿದ್ದ. ಬಾಗಿಲ ಕಡೆ ಮಹಾಂತಮ್ಮ.

ಕಾಡಿನ ಕೆಸರಿನಲ್ಲಿ ಲಾರಿ ಕಟಕಟ ಅನ್ನಲೇ ಇಲ್ಲ. ಶಿವಮೊಗ್ಗ ದಾಟಿ ಭದ್ರಾವತಿಯ ಗಟ್ಟಿ ರಸ್ತೆ ಹಿಡಿದದ್ದೇ ತಡ, ಶುರುವಾಯಿತು. ನಿದಿಗೆ ಹತ್ತಿರದ ತಿರುವಿನಲ್ಲಿ ಎಂಥ ಕುಲುಕು ಬಿತ್ತೆಂದರೆ ಷಡಕ್ಷರಪ್ಪನ ತಲೆ ತಗಡಿಗೆ ತಗುಲಿತು.

"ನಿಲ್ಸೋ ಮಾರಾಯ!" ಎಂದು ಅವನು ಚೀರಿದ. "ಗೇರು ಪೆಟ್ಟಿಗೆ ಸತ್ತೋಯ್ತು ಅತ್ತಿಗೆ. ಬಿಚ್ಚಿದ್ರೆ ಇನ್ನೊಂದು ತಿಂಗಳು. ಒಪ್ಕೊಂಡುಬಿಡಿ."

ಇವನ ಮುಂದೆ ಮಹಾಂತಮ್ಮ ಮುಖ ಇಳಿಸುವುದೇ? ಲಾರಿ ನಿಂತದ್ದೇ ಸೆರಗು ಸಿಕ್ಕಿಸಿ ಕೆಳಗಿಳಿದಳು.

"ಪುಟ್ಟಣ್ಣ, ಸದ್ದು ಎಲ್ಲಿಂದ?"

ಪುಟ್ಟಣ್ಣ ಲಾರಿಯ ಅಡಿ ನುಸುಳಿ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಬಲ ಹಂಚುವ ನಡುವಿನ ಪೆಟ್ಟಿಗೆ ಮುಟ್ಟಿದ. ಕೈ ಇಡಲಾಗದಷ್ಟು ಸುಡುತ್ತಿತ್ತು. ಸ್ಪ್ಯಾನರ್ ಹಾಕಿ ಪೆಟ್ಟಿಗೆಯ ತಳದ ಬಿರಟೆ ಬಿಚ್ಚಿದ. ಕರ್ರಗೆ ಇಳಿಯಬೇಕಾದ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗೆ ಸುರಿಯಿತು.

"ನೀರು ಸೇರೈತೆ ಅಮ್ಮಾರೆ. ದಿನಾ ಹಳ್ಳ ದಾಟ್ತೀವಲ್ಲ."

"ಹೇಳಿದ್ನಲ್ಲ, ಸತ್ತೋಯ್ತು!" ಎಂದ ಷಡಕ್ಷರಪ್ಪ.

ಮಹಾಂತಮ್ಮ ಆರಿದ ಎಣ್ಣೆಯನ್ನು ಬೆರಳಲ್ಲಿ ತೆಗೆದುಕೊಂಡು ಉಜ್ಜಿದಳು. ನುಣ್ಣಗಿತ್ತು. "ಗೇರಿನ ಹಲ್ಲು ಮುರಿದಿದ್ರೆ ಕಬ್ಬಿಣದ ಚೂರು ಸಿಗ್ತಿತ್ತು. ಇದ್ರಲ್ಲಿ ಒಂದು ಹರಳೂ ಇಲ್ಲ. ಸತ್ತಿರೋದು ಎಣ್ಣೆ, ಪೆಟ್ಟಿಗೆ ಅಲ್ಲ. ಬೇರೆ ಎಣ್ಣೆ ಇದೆಯಾ?"

ಪುಟ್ಟಣ್ಣ ಸೀಟಿನ ಕೆಳಗಿನಿಂದ ಡಬ್ಬ ಎಳೆದ. ಹಳೆಯದು ಪೂರ್ತಿ ಇಳಿಯುವವರೆಗೆ ಕಾದು, ಬಿರಟೆ ಬಿಗಿದು, ಮೇಲಿನ ತೂತಿನಿಂದ ತುಳುಕುವವರೆಗೆ ಹೊಸದು ಹೊಯ್ದ. ಲಾರಿ ಹೊರಟಿತು. ಗೊಂಯ್ ಅನ್ನುವ ಸದ್ದು ಮಾಯ! ಮಹಾಂತಮ್ಮ ನಗಬೇಕು ಅನ್ನುವಷ್ಟರಲ್ಲಿ ಮುಂದಿನ ತಿರುವು ಬಂತು. ಕಟಕಟ, ಕಟಕಟ. ಗಾಡಿ ಮತ್ತೆ ಮುಗ್ಗರಿಸಿತು.

"ಕೆಸರಲ್ಲಿ ಸುಮ್ನಿದ್ದದ್ದು ಗಟ್ಟಿ ರಸ್ತೇಲಿ ಯಾಕೆ ಹಲ್ಲು ಕಡಿಯುತ್ತೆ?" ಎಂದಳು. ಪುಟ್ಟಣ್ಣನ ಕಣ್ಣು ಗೇರಿನ ಪಕ್ಕದ ಸಣ್ಣ ಹಿಡಿಕೆಯ ಮೇಲೆ ಬಿತ್ತು. ಅದಕ್ಕೆ ಕೆಂಪು ಹಗ್ಗ ಬಿಗಿದಿತ್ತು.

ಬಿಗಿದವಳು ಇವಳೇ! ಮುಂದಿನ ಗಾಲಿಗಳಿಗೂ ಬಲ ಕೊಡುವ ಹಿಡಿಕೆ ಅದು. ಹೋದ ಮಳೆಗಾಲ ಕೆಸರಿನಲ್ಲಿ ಹೂತ ಲಾರಿಯನ್ನು ನಾಲ್ಕು ಗಾಲಿಯೂ ಸೇರಿ ಎಳೆದಾಗ ಇವಳು ಹಿಗ್ಗಿಹೋಗಿದ್ದಳು. "ಎರಡು ಜೊತೆ ಎತ್ತು ಕಟ್ಕೊಂಡು ಒಂದು ಜೊತೆಗೆ ಸುಮ್ನೆ ಮೇವು ಹಾಕೋರು ಯಾರು? ನಾಲ್ಕೂ ದುಡೀಲಿ" ಎಂದು ಆಯುಧಪೂಜೆಯ ದಿನ ಹಗ್ಗ ಕಟ್ಟಿದ್ದಳು. ಪುಟ್ಟಣ್ಣ "ಅಮ್ಮಾರೆ, ಮಿಲಿಟ್ರೀಲಿ..." ಎಂದು ಬಾಯಿ ತೆರೆದಾಗ ಅಲ್ಲೇ ಮುಚ್ಚಿಸಿದ್ದಳು.

"ಬಾಯಿ ಬಿಡೋ ಪುಟ್ಟಣ್ಣ. ನಾನೇನು ಹುಲಿಯಾ?"

"ತಿರುಗೋವಾಗ ಮುಂದಿನ ಗಾಲಿ ದೊಡ್ಡ ಸುತ್ತು ಹೊಡೀಬೇಕು ಅಮ್ಮಾರೆ, ಹಿಂದಿಂದು ಚಿಕ್ಕದು. ಕೆಸರಲ್ಲಿ ಜಾರಿ ಸರಿ ಹೋಗ್ತದೆ. ಇಲ್ಲಿ ಜಾರಾಕಿಲ್ಲ. ಒಂದನ್ನೊಂದು ಎಳೆದಾಡ್ತವೆ."

"ಥೂ ನನ್ನ ಬುದ್ಧಿಗೆ!" ಎಂದು ಮಹಾಂತಮ್ಮ ಹಣೆ ಚಚ್ಚಿಕೊಂಡಳು. ಮರುಕ್ಷಣವೇ ಹಗ್ಗ ಬಿಚ್ಚಿ ಕಿಟಕಿಯಿಂದಾಚೆ ಎಸೆದಳು. ಪುಟ್ಟಣ್ಣ ಲಾರಿ ನಿಲ್ಲಿಸಿ ಹಿಡಿಕೆ ಎಳೆದ. ಅಲುಗಲಿಲ್ಲ. ಎರಡು ಕೈಯಲ್ಲಿ ಎಳೆದ. ಊಹೂಂ. ತಿಂಗಳುಗಟ್ಟಲೆ ಬಿಗಿದದ್ದು ಸುಲಭವಾಗಿ ಬಿಟ್ಟೀತೇ?

ಷಡಕ್ಷರಪ್ಪ ಬಿಸಿಲು ನೋಡಿ ಮೀಸೆ ತಿರುವಿದ. "ಹೊತ್ತಾಯ್ತು ಅತ್ತಿಗೆ."

ಮಹಾಂತಮ್ಮ ಅವನ ಕಡೆ ತಿರುಗಲೂ ಇಲ್ಲ. ತವರಿನ ಹೊಲ ನೆನಪಾಯಿತು. ಅಲ್ಲಿ ಎತ್ತು ಜಗ್ಗಿ ನಿಂತಾಗ ನೊಗದ ಗೂಟ ಎಷ್ಟು ಎಳೆದರೂ ಬರುತ್ತಿರಲಿಲ್ಲ. ಅಪ್ಪ ಎತ್ತನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತಿದ್ದ, ಗೂಟ ತಾನೇ ಸಡಿಲವಾಗುತ್ತಿತ್ತು.

"ಹಿಂದಕ್ಕೆ ಬಿಡು ಪುಟ್ಟಣ್ಣ! ಸ್ವಲ್ಪ ಹಿಂದಕ್ಕೆ, ನೆಟ್ಟಗೆ!"

ಲಾರಿ ಹಿಂದಕ್ಕೆ ಉರುಳಿತು. ಪುಟ್ಟಣ್ಣ ಹಿಡಿಕೆ ಎಳೆದ. ಟಕ್! ಬಂತು! ಆ ಮಾತೇ ಆಡದವನು "ಬಂತು ಅಮ್ಮಾರೆ, ಬಂತು!" ಎಂದು ಕೂಗಿಬಿಟ್ಟ.

ಆಮೇಲೆ ನೋಡಬೇಕಿತ್ತು ಆ ಓಟ. ತಿರುವು ಬಂತು, ಹೋಯಿತು, ಲಾರಿ ಕಮಕ್ ಕಿಮಕ್ ಅನ್ನಲಿಲ್ಲ. ಭದ್ರೆಯ ಸೇತುವೆ ದಾಟುವಾಗ ಕೆಳಗಿನ ನೀರಿನ ಸದ್ದೂ ಕೇಳುತ್ತಿತ್ತು. ಮಹಾಂತಮ್ಮನಿಗೆ ಗಂಡನ ನೆನಪಾಗಿ ಕಣ್ಣು ತುಂಬಿತು. ಈ ಓಟ ನೋಡಲು ಅವನು ಇಲ್ಲವಲ್ಲ ಎಂದು ಸಂಕಟವಾಯಿತು.

ಕಾರ್ಖಾನೆಯ ಗೇಟಿನವನು ಬೆನ್ನು ಹಾಕಿ ಎಲೆ ಅಡಿಕೆ ಮೆಲ್ಲುತ್ತಿದ್ದ. ಹಾರನ್ ಹೊಡೆದಾಗ ಬೆಚ್ಚಿಬಿದ್ದ. "ಶಿವಮೊಗ್ಗದ ಕೂಗುಮಾರಿ ಲಾರಿ ಇದೇನಾ? ಯಾವಾಗ ಬಂತು? ಕೇಳಿಸಲೇ ಇಲ್ವಲ್ಲ!" ಲಾರಿಯ ಹಿಂದಿನ ಗಾಲಿ ಗೇಟು ದಾಟಿ ಒಳಗೆ ನಿಂತ ಮೇಲೆ ಸೈರನ್ ಕೂಗಿತು. ಮಹಾಂತಮ್ಮ ಕಿವಿ ತುಂಬ ಕೇಳಿದಳು.

ಇದ್ದಿಲು ಇಳಿಸಿ, ವರ್ಷದ ಕೆಲಸ ಗಟ್ಟಿ ಮಾಡಿಕೊಂಡು ಹೊರಗೆ ಬಂದಾಗ ಅವಳು ಹೇಳಿದಳು: "ಪುಟ್ಟಣ್ಣ, ಇನ್ನು ಮೇಲೆ ನಾನು ದಡ್ಡ ಮಾತು ಆಡಿದ್ರೆ ಮುಖಕ್ಕೆ ಹೇಳು."

"ಹೇಳಿದ್ರೆ ಕೆಲಸ ಉಳೀತದಾ ಅಮ್ಮಾರೆ?"

"ಹೇಳದಿದ್ರೆ ಹೋಗ್ತದೆ!" ಎಂದು ನಕ್ಕಳು.

ಷಡಕ್ಷರಪ್ಪ ಕ್ಯಾಬಿನ್ನಿನ ಮೆಟ್ಟಿಲಿಗೆ ಕಾಲಿಟ್ಟ. ಮಹಾಂತಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಇಲ್ಲಿ ಲಾರಿ ನಡೆಸೋರು ಕೂರ್ತಾರೆ, ಮಾರಾಯ. ಹಿಂದೆ ಬೇಕಾದಷ್ಟು ಜಾಗ ಇದೆ, ಹತ್ತು."

ಮಸಿ ಮೆತ್ತಿದ ಲಾರಿಯ ಹಿಂಬದಿಯಲ್ಲಿ ಬಿಳಿ ಪಂಚೆ ಎತ್ತಿ ಹಿಡಿದು ನಿಂತ ಷಡಕ್ಷರಪ್ಪನನ್ನು ಆ ಸಂಜೆ ಶಿವಮೊಗ್ಗದ ಪೇಟೆಯೆಲ್ಲ ನೋಡಿತು. ಈ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.